ಸೊನ್ನೆ ಬೇರೆ, ಖಾಲಿ ಬೇರೆ

ಮೌಳಂಗಿಯ ಕಾಳಿ ದಂಡೆಯ ಕಾಡಿನಲ್ಲಿ ಮರ ಅಳೆದು ಬಂದವರಿಗೊಂದು ಮಾತು. ಬಿದಿರುಮೆಳೆ ಅಡ್ಡಬಂದು ಮತ್ತಿಮರದ ತುದಿ ಕಾಣಲಿಲ್ಲವೇ? ಎತ್ತರದ ಅಂಕಣದಲ್ಲಿ ಸೊನ್ನೆ ತುಂಬಬೇಡಿ, ಖಾಲಿ ಬಿಡಿ. ಎಷ್ಟೋ ತಂತ್ರಾಂಶಗಳು ಸೊನ್ನೆಯನ್ನೂ ಅಳತೆಯೆಂದೇ ನಂಬಿ ಸರಾಸರಿ ಇಳಿಸಿಬಿಡುತ್ತವೆ. ‘ಆರ್’ ತಂತ್ರಾಂಶದಲ್ಲಾದರೆ ಖಾಲಿ ಅಳತೆಯ ಗುರುತಾದ ‘ಎನ್‌ಎ’ ಒಂದೇ ಒಂದು ಇದ್ದರೂ ಸರಾಸರಿಯೂ ‘ಎನ್‌ಎ’. ಗಾಬರಿ ಬೇಡ, ಅದು ಪ್ರಾಮಾಣಿಕ ಉತ್ತರ. ತಪ್ಪು ಅಂಕಿಗಿಂತ ನನಗದೇ ಇಷ್ಟ.

ಬಿಟ್ಟುಹೋದ ಎತ್ತರವನ್ನು ಅದೇ ಜಾತಿಯ, ಪೂರ್ತಿ ಅಳೆದ ಮರಗಳ ದಪ್ಪ ಮತ್ತು ಎತ್ತರದ ಸಂಬಂಧದಿಂದ ಅಂದಾಜಿಸಬಹುದು. ಸಾಗುವಾನಿಯ ಲೆಕ್ಕವನ್ನು ಮತ್ತಿಗೆ ಹಚ್ಚಬೇಡಿ. ಅಂದಾಜೆಂದು ಪಕ್ಕದಲ್ಲೊಂದು ಗುರುತೂ ಇರಲಿ. 1.37 ಮೀಟರ್ ಮಟ್ಟದ ಸುತ್ತಳತೆಯೇ ಬಿಟ್ಟುಹೋಗಿದ್ದರೆ ಮಾತ್ರ ಟೇಪು ಹಿಡಿದು ಆ ಮರದ ಬುಡಕ್ಕೇ ಹೋಗಿ.