ಏಲಕ್ಕಿ ಕೊರೆಯುವ ಪತಂಗಕ್ಕೆ ಹೊಸ ಹೆಸರು

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಏಲಕ್ಕಿಯನ್ನು ಮಿಶ್ರ ಬೆಳೆಯಾಗಿ ಬೆಳೆಯುವುದು ಬಹುಕಾಲದಿಂದ ಬಂದ ಪದ್ಧತಿ. ಈ ಬೆಳೆಗೆ ತಗಲುವ ಕೀಟಗಳಲ್ಲಿ ಕಾಂಡ ಮತ್ತು ಕಾಯಿ ಕೊರೆಯುವ ಹುಳು ಮುಖ್ಯವಾದುದು. ಇದರ ಬಾಧೆಯನ್ನು ಗುರುತಿಸುವುದು ಕಷ್ಟವಲ್ಲ. ಹಿಂಡಿನ ನಡುವೆ ಒಂದು ಕಾಂಡದ ಸುಳಿ ಮಾತ್ರ ಒಣಗಿ ನಿಂತಿರುತ್ತದೆ. ಕಾಂಡದ ಮೇಲೆ ಒಂದು ತೂತು, ತೂತಿನ ಬಾಯಲ್ಲಿ ಒದ್ದೆಯಾದ ಹಿಕ್ಕೆ ಕಂಡುಬರುತ್ತದೆ. ಕಟ್ಟೆ ರೋಗದಲ್ಲಾದರೆ ಎಲೆಗಳ ಮೇಲೆ ತಿಳಿಹಸಿರು ಗೆರೆಗಳು ಕಾಣುವವೇ ಹೊರತು ತೂತು ಇರುವುದಿಲ್ಲ. ಹುಳು ಹೂಗೊಂಚಲನ್ನು ಕೊರೆದರೆ ತೂತಿನಿಂದ ಮುಂದಿನ ಭಾಗವೆಲ್ಲ ಒಣಗುತ್ತದೆ. ಕಾಯಿಯನ್ನು ಹೊಕ್ಕರೆ ಒಳಗಿನ ಬೀಜವನ್ನು ತಿಂದು ಸಿಪ್ಪೆಯನ್ನಷ್ಟೇ ಉಳಿಸುತ್ತದೆ.

ಈ ಹುಳುವಿನ ಪ್ರೌಢಾವಸ್ಥೆಯೇ ಹಳದಿ ಬಣ್ಣದ ಒಂದು ಸಣ್ಣ ಪತಂಗ. ರೆಕ್ಕೆ ಬಿಚ್ಚಿದರೆ ಸುಮಾರು ಒಂದು ಅಂಗುಲ ಅಗಲ. ರೆಕ್ಕೆಗಳ ಮೇಲೆಲ್ಲ ಕಪ್ಪು ಚುಕ್ಕೆಗಳು. ಹಗಲಿನಲ್ಲಿ ಏಲಕ್ಕಿ ಎಲೆಯ ಕೆಳಮೈಗೆ ಅಂಟಿಕೊಂಡು ಕುಳಿತಿರುತ್ತದೆ. ಇದನ್ನು ಬಹುಕಾಲ 'ಕೊನೊಗೆಥಿಸ್ ಪಂಕ್ಟಿಫೆರಾಲಿಸ್' ಎಂದು ಕರೆಯಲಾಗುತ್ತಿತ್ತು. ಹಳೆಯ ಪುಸ್ತಕಗಳಲ್ಲಿ 'ಡೈಕೊಕ್ರೋಸಿಸ್' ಎಂಬ ಹೆಸರೂ ಉಂಟು. ಪಂಕ್ಟಿಫೆರಾಲಿಸ್ ಜಾತಿಯನ್ನು ಫ್ರಾನ್ಸಿನ ಗೆನೆ ಎಂಬ ವಿಜ್ಞಾನಿ 1854ರಲ್ಲಿಯೇ ವರ್ಣಿಸಿದ್ದನು. ಅದರ ಆಹಾರ ಸಸ್ಯಗಳ ಪಟ್ಟಿ ಬಹಳ ಉದ್ದ: ಹರಳು, ಸೀಬೆ, ಪೀಚ್, ಏಲಕ್ಕಿ, ಶುಂಠಿ, ಅರಿಶಿಣ, ಹೀಗೆ. ಒಂದೇ ಹುಳು ಹರಳಿನ ಕಾಯಿಯನ್ನೂ ಏಲಕ್ಕಿಯ ಕಾಂಡವನ್ನೂ ತಿನ್ನುತ್ತದೆಂದು ನಂಬಲಾಗಿತ್ತು.

ಈ ನಂಬಿಕೆಯನ್ನು ಪರೀಕ್ಷಿಸಿದವರು ನಮ್ಮ ದೇಶದ ಕೀಟಶಾಸ್ತ್ರಜ್ಞರೇ. ಹರಳಿನ ಮೇಲಿನ ಹುಳುಗಳನ್ನೂ ಏಲಕ್ಕಿಯ ಮೇಲಿನ ಹುಳುಗಳನ್ನೂ ಬೇರೆ ಬೇರೆಯಾಗಿ ಸಾಕಿ, ಹೊರಬಂದ ಪತಂಗಗಳನ್ನು ಹೋಲಿಸಿ ನೋಡಲಾಯಿತು. ಎರಡೂ ಹಳದಿ, ಎರಡಕ್ಕೂ ಕಪ್ಪು ಚುಕ್ಕೆ. ಬರಿಗಣ್ಣಿಗೆ ಮೋಸವಾಗುವುದು ಸಹಜ. ಆದರೆ ವಂಶವಾಹಿ ಪರೀಕ್ಷೆಯಲ್ಲಿ ಇವೆರಡೂ ಬೇರೆ ಬೇರೆ ಗುಂಪುಗಳೆಂದು ತಿಳಿದುಬಂದಿತು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಜಾತಿ ಬೇರೆ ಎಂದು ಸ್ಥಾಪಿಸಲು ಇಷ್ಟೇ ಸಾಲದು. ದೇಹದ ರಚನೆಯನ್ನು, ವಿಶೇಷವಾಗಿ ಜನನಾಂಗಗಳನ್ನು ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಸಹಿತ ವರ್ಣಿಸಬೇಕು. ಒಂದು ಪತಂಗವನ್ನು ಮೂಲ ಮಾದರಿಯೆಂದು ಗೊತ್ತುಪಡಿಸಬೇಕು. ಇದೆಲ್ಲವನ್ನೂ ಪೂರೈಸಿ ಶಶಾಂಕ್, ವಾಸುದೇವ ಕಮ್ಮಾರ, ರಿಚರ್ಡ್ ಮ್ಯಾಲಿ ಮತ್ತು ಎ. ಕೆ. ಚಕ್ರವರ್ತಿ ಅವರು 2018ರಲ್ಲಿ 'ಝೂಟ್ಯಾಕ್ಸಾ' ಪತ್ರಿಕೆಯಲ್ಲಿ ಏಲಕ್ಕಿಯ ಪತಂಗವನ್ನು ಹೊಸ ಜಾತಿಯೆಂದು ಪ್ರಕಟಿಸಿದರು. ಅದರ ಹೆಸರು 'ಕೊನೊಗೆಥಿಸ್ ಸಹ್ಯಾದ್ರಿಯೆನ್ಸಿಸ್', ಅಂದರೆ ಸಹ್ಯಾದ್ರಿಯದು. ತೋಟದಲ್ಲಿ ತಲೆಮಾರುಗಳಿಂದ ಕಾಯಿ ಟೊಳ್ಳು ಮಾಡುತ್ತಿದ್ದ ಹುಳುವಿಗೆ ಸ್ವಂತ ಹೆಸರು ಬರಲು ಇಷ್ಟು ಕಾಲ ಹಿಡಿಯಿತು.

ಹೆಸರು ಬದಲಾದರೆ ರೈತನಿಗೇನು?

ಹಳೆಯ ಪಟ್ಟಿಯನ್ನು ನಂಬಿದ ಬೆಳೆಗಾರನು ಬೇಲಿಯ ಹರಳು ಗಿಡವನ್ನೂ ಮನೆಯ ಮುಂದಿನ ಸೀಬೆಯನ್ನೂ ಅನುಮಾನದಿಂದ ನೋಡಬೇಕಾಗಿತ್ತು. ಏಲಕ್ಕಿಯ ಹುಳು ಹರಳಿನ ಹುಳುವಲ್ಲವಾದ ಮೇಲೆ, ಹರಳನ್ನು ಕಿತ್ತು ಏಲಕ್ಕಿಯನ್ನು ಉಳಿಸುತ್ತೇನೆಂಬುದು ವ್ಯರ್ಥ ಶ್ರಮ. ನೋಡಬೇಕಾದುದು ಏಲಕ್ಕಿಯ ಬಂಧುಗಳನ್ನು. ಸೊಪ್ಪಿನ ಬೆಟ್ಟದ ಅಂಚಿನಲ್ಲಿ, ಹಳ್ಳದ ಬದಿಯಲ್ಲಿ ಕಾಡು ಶುಂಠಿ, ಕಾಡು ಅರಿಶಿಣ, ಸುರುಳಿ ಸುಗಂಧಿಗಳು ತಾವಾಗಿ ಬೆಳೆಯುತ್ತವೆ. ಬನವಾಸಿಯ ಕಡೆ ಗದ್ದೆಗಳಲ್ಲಿ ಶುಂಠಿಯ ಬೇಸಾಯವೂ ಉಂಟು. ಇವುಗಳ ಸುಳಿ ಒಣಗಿದ್ದರೆ, ಕಾಂಡದಲ್ಲಿ ಹಿಕ್ಕೆ ಕಂಡರೆ, ಆ ಕಾಂಡಗಳನ್ನು ಕೊಯ್ದು ನಾಶಪಡಿಸುವುದು ಒಳ್ಳೆಯದು. ಹುಳುವಿನ ಹೆದರಿಕೆಯಿಂದ ಕಾಡುಗಿಡಗಳನ್ನೆಲ್ಲ ಸವರಿಹಾಕುವುದು ಮಾತ್ರ ಬೇಡ. ಹಳ್ಳದ ದಂಡೆಯ ಮಣ್ಣನ್ನು ಹಿಡಿದಿರುವ ಗೆಡ್ಡೆಗಳೂ ಅವೇ.

ಲಿಂಗಾಕರ್ಷಕ ಬಲೆಯ ವಿಷಯವೂ ಹೀಗೆಯೇ. ಪಂಕ್ಟಿಫೆರಾಲಿಸ್ ಹೆಣ್ಣು ಪತಂಗ ಗಂಡನ್ನು ಕರೆಯಲು ಸೂಸುವ ವಸ್ತುವನ್ನು ಜಪಾನಿನಲ್ಲಿ 1982ರಲ್ಲಿ ಗುರುತಿಸಲಾಯಿತು. ಒಂದು ಜಾತಿಗಾಗಿ ಮಾಡಿದ ಆಮಿಷಕ್ಕೆ ಇನ್ನೊಂದು ಜಾತಿ ಬಂದೇ ಬರುತ್ತದೆಂದು ಹೇಳಲಾಗದು. ಬಲೆ ಕೊಳ್ಳುವಾಗ ಅದು ಯಾವ ಜಾತಿಯದು, ಏಲಕ್ಕಿ ತೋಟದಲ್ಲಿ ಪರೀಕ್ಷೆಯಾಗಿದೆಯೇ ಎಂದು ಕೇಳಿ ತಿಳಿಯಬೇಕು.

ಹತೋಟಿಯ ಮೂಲಕ್ರಮ ಬದಲಾಗಿಲ್ಲ. ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ, ಬಾಧೆ ನೂರಕ್ಕೆ 10ಕ್ಕಿಂತ ಕಡಿಮೆ ಇರುವಾಗಲೇ, ಹೊಸ ಹಿಕ್ಕೆ ಹೊರಬಿದ್ದಿರುವ ಕಾಂಡಗಳನ್ನು ಬುಡದಿಂದ ಕತ್ತರಿಸಿ ಒಳಗಿನ ಹುಳು ಸಹಿತ ನಾಶಮಾಡಬೇಕು. ಎಲೆಯಡಿ ಕುಳಿತ ಪತಂಗಗಳನ್ನು ಹಿಡಿದು ಕೊಲ್ಲಬೇಕು. ಔಷಧಿ ಸಿಂಪರಣೆ ಅನಿವಾರ್ಯವಾದರೆ ಪತಂಗಗಳು ಕಂಡ 15-20 ದಿನಗಳೊಳಗೆ ಆಗಬೇಕು. ಎಳೆಯ ಮರಿಹುಳು ಆಗಿನ್ನೂ ಹೊರಗಿರುತ್ತದೆ. ಕಾಂಡದೊಳಗೆ ಸೇರಿದ ಮೇಲೆ ಸಿಂಪಡಿಸಿದ ಔಷಧಿ ಹುಳುವಿಗೆ ತಲುಪುವುದಿಲ್ಲ, ತೋಟದ ಕಾದಿಗೆಗೆ ಹರಿಯುತ್ತದೆ ಅಷ್ಟೆ. ಏಲಕ್ಕಿಯಲ್ಲಿ ಕಾಯಿ ಕಚ್ಚಲು ಜೇನ್ನೊಣ ಬೇಕು. ಆದ್ದರಿಂದ ಹೂವಿರುವಾಗ, ಅದರಲ್ಲೂ ಬೆಳಗಿನ ಹೊತ್ತು, ಸಿಂಪರಣೆ ಮಾಡಲೇಬಾರದು.

ತಮ್ಮ ತೋಟದ ಹುಳು ಯಾವುದೆಂದು ತಿಳಿಯಬಯಸುವವರು ತೂತು ಬಿದ್ದ ಕಾಂಡವನ್ನು ಒಂದು ಗೇಣು ಉದ್ದ ಕತ್ತರಿಸಿ, ಅಗಲ ಬಾಯಿಯ ಬಾಟಲಿಯಲ್ಲಿಟ್ಟು, ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಡಬೇಕು. ಎರಡು-ಮೂರು ದಿನಕ್ಕೊಮ್ಮೆ ಹಸಿ ಕಾಂಡ ಹಾಕಬೇಕು. ಹುಳು ಕಾಂಡದೊಳಗೇ ಗೂಡು ಕಟ್ಟಿ ಕೋಶವಾಗಿ, ನಂತರ ಪತಂಗವಾಗಿ ಹೊರಬರುತ್ತದೆ. ಪತಂಗವನ್ನು ಸ್ಪಿರಿಟಿನಲ್ಲಿ ಅದ್ದಿದರೆ ರೆಕ್ಕೆಯ ಹುಡಿ ಕಳಚಿ ಹೋಗುತ್ತದೆ; ಒಣಗಿಸಿ ಕಾಗದದ ಪೊಟ್ಟಣದಲ್ಲಿಡುವುದು ಲೇಸು. ಯಾವ ಗಿಡದಿಂದ, ಯಾವ ಊರಿನಲ್ಲಿ, ಯಾವ ದಿನ ಸಿಕ್ಕಿತೆಂಬುದನ್ನು ಪೊಟ್ಟಣದ ಮೇಲೆ ಬರೆದು ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಬಹುದು. ಗಿಡದ ಹೆಸರನ್ನು ಬರೆಯಲು ಮರೆಯಬಾರದು. ಎರಡು ಪತಂಗಗಳು ಬೇರೆ ಎಂಬ ಸುಳಿವು ಸಿಕ್ಕಿದ್ದೇ ಅವು ತಿನ್ನುವ ಗಿಡದಿಂದ.