ನಾಲ್ಕು ಬದಿಯ ಹೊಲ: ಆಕಾರ ಅರಿತು ಅಳತೆ ಮಾಡಿ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯಂಥ ಗುಡ್ಡಗಾಡು ಪ್ರದೇಶದಲ್ಲಿ ಹಳ್ಳದ ಅಂಚು, ಬಂಡೆ, ಇಳಿಜಾರು ನೋಡಿಕೊಂಡು ಬದು ಹಾಕಬೇಕಾಗುತ್ತದೆ. ಹೀಗಾಗಿ ಎಲ್ಲ ಹೊಲಗಳ ಮೂಲೆಗಳೂ ನೇರವಾಗಿರುವುದಿಲ್ಲ. ಅಂಥ ಹೊಲವನ್ನು ಗುತ್ತಿಗೆಗೆ ಪಡೆಯುವಾಗ, ಪಾಲು ಮಾಡುವಾಗ, ಗೊಬ್ಬರದ ಲೆಕ್ಕ ಹಾಕುವಾಗ ಉದ್ದವನ್ನು ಅಗಲದಿಂದ ಗುಣಿಸಿದರೆ ಇಲ್ಲದ ಭೂಮಿ ಲೆಕ್ಕಕ್ಕೆ ಬರುತ್ತದೆ.

ಆಕಾರಗಳ ಸಂಬಂಧ

ನಾಲ್ಕು ನೇರ ಬದಿಗಳುಳ್ಳ ಆಕಾರವೆಲ್ಲ ಚತುರ್ಭುಜ. ಎದುರುಬದುರಿನ ಒಂದು ಜೊತೆ ಬದಿಗಳಾದರೂ ಸಮಾಂತರವಾಗಿದ್ದರೆ ಅದು ತ್ರಾಪಿಜ್ಯ. ಎರಡು ಜೊತೆಯೂ ಸಮಾಂತರವಾಗಿದ್ದರೆ ಸಮಾಂತರ ಚತುರ್ಭುಜ. ಇದರ ಮೂಲೆಗಳು 90 ಡಿಗ್ರಿ ಇದ್ದರೆ ಆಯತ. ನಾಲ್ಕು ಬದಿಗಳೂ ಸಮವಿದ್ದರೆ ವಜ್ರಾಕೃತಿ. ಈ ಎರಡು ಗುಣಗಳೂ ಕೂಡಿದ್ದೇ ಚೌಕ. ಆದ್ದರಿಂದ ಚೌಕವೆಲ್ಲ ಆಯತವೇ, ಆಯತವೆಲ್ಲ ಚೌಕವಲ್ಲ. ಅಳತೆಯ ಸೂತ್ರಕ್ಕೂ ಇದೇ ನಿಯಮ. ಸಮಾಂತರ ಚತುರ್ಭುಜದ ಸೂತ್ರ (ಪಾದ × ಲಂಬ ಎತ್ತರ) ಆಯತಕ್ಕೂ ಚೌಕಕ್ಕೂ ಸಲ್ಲುತ್ತದೆ. ಆಯತದ 'ಉದ್ದ × ಅಗಲ' ಓರೆ ಹೊಲಕ್ಕೆ ಸಲ್ಲದು.

ಒಂದು ಉದಾಹರಣೆ

ಹೊಲದ ಎದುರುಬದುರು ಬದಿಗಳು 132 ಅಡಿ ಮತ್ತು 110 ಅಡಿ ಇವೆಯೆನ್ನಿ. ಗುಣಿಸಿದರೆ 14,520 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿಯಂತೆ 13 ಗುಂಟೆಗೂ ಹೆಚ್ಚು. ಆದರೆ ಹೊಲ ಓರೆಯಾಗಿದ್ದು, 132 ಅಡಿಯ ಎರಡು ಬದುಗಳ ನಡುವಿನ ಲಂಬ ದೂರ 99 ಅಡಿ ಮಾತ್ರ ಇದ್ದರೆ ವಿಸ್ತೀರ್ಣ 13,068 ಚದರ ಅಡಿ, ಅಂದರೆ ಸರಿಯಾಗಿ 12 ಗುಂಟೆ. ವ್ಯತ್ಯಾಸ 1,452 ಚದರ ಅಡಿ. 3 × 3 ಅಡಿ ಅಂತರದ ಹಿಪ್ಪುನೇರಳೆಯಲ್ಲಿ ಇದು ಸುಮಾರು 161 ಗಿಡಗಳ ಜಾಗ!

ಪರೀಕ್ಷೆ ಹೇಗೆ?

ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದು ಎರಡು ಕರ್ಣಗಳನ್ನೂ ಅಳೆಯಿರಿ. ಎದುರುಬದುರು ಬದಿಗಳು ಸಮವಾಗಿದ್ದು ಕರ್ಣಗಳೂ ಸಮವಾಗಿದ್ದರೆ ಹೊಲ ಆಯತ. ಮೇಲಿನ ಹೊಲ ಆಯತವಾಗಿದ್ದರೆ ಎರಡೂ ಕರ್ಣ ಸುಮಾರು 172 ಅಡಿ ಇರಬೇಕಿತ್ತು. ಓರೆಯಾಗಿರುವುದರಿಂದ ಒಂದು ಸುಮಾರು 205, ಇನ್ನೊಂದು 130 ಅಡಿ ಬರುತ್ತದೆ.

ಎಲ್ಲ ಆಕಾರಕ್ಕೂ ಒಂದೇ ವಿಧಾನ

ಹೊಲದೊಳಗೇ ಹಾಯುವ ಒಂದು ಕರ್ಣ ಅಳೆಯಿರಿ. ಉಳಿದೆರಡು ಮೂಲೆಗಳಿಂದ ಅದಕ್ಕೆ ಲಂಬ ದೂರಗಳನ್ನು ಅಳೆದು ಕೂಡಿಸಿ. ಮೊತ್ತವನ್ನು ಕರ್ಣದಿಂದ ಗುಣಿಸಿ ಅರ್ಧ ಮಾಡಿ. 3, 4, 5 ಗೇಣಿನ ಹಗ್ಗದ ತ್ರಿಕೋನದಿಂದ ಲಂಬ ಗುರುತಿಸಬಹುದು. ಇಳಿಜಾರಿನಲ್ಲಿ ಟೇಪನ್ನು ಮಟ್ಟವಾಗಿ ಹಿಡಿಯಬೇಕು.

ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ವ್ಯಾವಹಾರಿಕ ಅಳತೆ ಮತ್ತು ಸೂಕ್ಷ್ಮ ಅಳತೆ ಎಂದು ಬೇರೆ ಬೇರೆಯಾಗಿ ಹೇಳಿದ್ದಾರೆ. ಎದುರು ಬದಿಗಳ ಸರಾಸರಿಗಳನ್ನು ಗುಣಿಸುವುದು ವ್ಯಾವಹಾರಿಕ. ಅದು ಆಯತಕ್ಕೆ ಮಾತ್ರ ಸರಿಯಾಗುತ್ತದೆ. ಉಳಿದೆಲ್ಲ ಆಕಾರಗಳಲ್ಲಿ ಹೆಚ್ಚೇ ತೋರಿಸುತ್ತದೆ.

ಹೀಗೆ ಪಡೆದ ವಿಸ್ತೀರ್ಣ ಗಿಡ, ಗೊಬ್ಬರ, ಗುತ್ತಿಗೆಯ ಲೆಕ್ಕಕ್ಕೆ ಸಾಕು. ಗಡಿ ವ್ಯಾಜ್ಯವಿದ್ದಲ್ಲಿ ಭೂಮಾಪಕರಿಂದಲೇ ಅಳತೆ ಮಾಡಿಸತಕ್ಕದ್ದು.