ಕುಂಬಳದ ಹೀಚಿಗೆ ಬೆರಳು ತೋರಿಸಿದ್ದು ಯಾರು?

ತರಗತಿ: 7. ಘಟಕ: ಸಸ್ಯಗಳಲ್ಲಿ ಸಂತಾನೋತ್ಪತ್ತಿ. ಸ್ಥಳ: ಕೆಸರೆಯ ಒಂದು ಹಿರಿಯ ಪ್ರಾಥಮಿಕ ಶಾಲೆ. ಬೋಧನೋಪಕರಣ: ಅಂಗಳದಲ್ಲಿ ಬೆಳೆದ ಎರಡು ಸಿಹಿಕುಂಬಳದ ಬಳ್ಳಿ.

ಈ ಘಟಕಕ್ಕೆ ನಾನು ಮೊದಲು ಸಿದ್ಧಪಡಿಸಿದ್ದು ದಾಸವಾಳದ ಚಾರ್ಟ್. ಅದು ಕೊನೆಯವರೆಗೂ ಸುರುಳಿ ಸುತ್ತಿಕೊಂಡೇ ಉಳಿಯಿತು. ಇಂಟರ್ನ್‌ಷಿಪ್‌ನ ಮೊದಲ ವಾರದಲ್ಲೇ ಹುಡುಗನೊಬ್ಬ ಮನೆಯ ಮೊಬೈಲಿನಲ್ಲಿ ನೋಡಿದ ವಿಡಿಯೊ ಬಗ್ಗೆ ಹೇಳಿದ: ಕುಂಬಳಕಾಯಿಯನ್ನು ಯಂತ್ರ ಕಟ್ಟಿ ಎತ್ತುತ್ತಿದ್ದರಂತೆ. ತರಗತಿ ನಂಬಲಿಲ್ಲ. ಅದು ನಿಜವೇ. 2023ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೂಗಿದ ಒಂದು ಕಾಯಿ 1247 ಕೆ.ಜಿ. ಇತ್ತು. ಅಂಥ ಕಾಯಿಗಳ ಮೂಲ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಹೋವರ್ಡ್ ಡಿಲ್ ಎಂಬ ರೈತ ರೂಪಿಸಿದ ‘ಅಟ್ಲಾಂಟಿಕ್ ಜೈಂಟ್’ ತಳಿ. ‘ನಮ್ಮ ಸ್ಕೂಲಲ್ಲೂ ಬೆಳೆಯೋಣ ಮಿಸ್’ ಎಂದರು. ನಮ್ಮಲ್ಲಿ ಆ ಬೀಜವೂ ಇಲ್ಲ, ಆ ಹವೆಯೂ ಇಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಚಂದನ್’ ತಳಿಯ ಕಾಯಿ ತೂಗುವುದೇ ಎರಡು ಮೂರು ಕೆ.ಜಿ. ಕೊನೆಗೆ ದೇವರಾಜ ಮಾರುಕಟ್ಟೆಯಲ್ಲಿ ಹೋಳು ಮಾಡಿ ಮಾರುವ ದೊಡ್ಡ ನಾಟಿ ಕಾಯಿಯ ಬೀಜ ತಂದು, ಅದರಿಂದ ಎಷ್ಟು ದೊಡ್ಡದು ಬರುತ್ತದೋ ನೋಡುವುದೆಂದು ತೀರ್ಮಾನಿಸಿದೆವು.

ಪಾಠದ ದೃಷ್ಟಿಯಿಂದ ದಾಸವಾಳಕ್ಕಿಂತ ಕುಂಬಳ ವಾಸಿ. ದಾಸವಾಳದಲ್ಲಿ ಕೇಸರ, ಶಲಾಕೆ ಎರಡೂ ಒಂದೇ ಹೂವಿನಲ್ಲಿರುತ್ತವೆ. ಅಂಡಾಶಯ ತೋರಿಸಲು ಬ್ಲೇಡ್ ಬೇಕು. ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಮೊದಲೇ ಕೂತಿರುತ್ತದೆ. ಹಿಂದಿನ ಬೆಂಚಿನವನಿಗೂ ಕಾಣುತ್ತದೆ.

ಊರಿನ ಹೆಸರಿನಲ್ಲಿ ಕೆಸರಿದ್ದರೂ ಶಾಲೆಯ ಅಂಗಳದಲ್ಲಿ ಇದ್ದದ್ದು ಜಲ್ಲಿ. ಒಂದೂವರೆ ಅಡಿ ಆಳ, ಅಷ್ಟೇ ಅಗಲದ ಎರಡು ಗುಂಡಿ ತೋಡಿ, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ, ನೀರು ನಿಲ್ಲದಂತೆ ಸ್ವಲ್ಪ ದಿಬ್ಬ ಮಾಡಿದೆವು. ಗುಂಡಿಗೆ ನಾಲ್ಕು ಬೀಜ ಊರಿ, ಮೊಳೆತ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿಕೊಂಡೆವು.

ಮೊಳಕೆಯೊಡೆದ ಮೂರನೇ ದಿನವೇ ಕೆಂಪು ದುಂಬಿ ಬಂತು. ಕಡಲೆಬೇಳೆಗಿಂತ ತುಸು ಉದ್ದದ, ಕಿತ್ತಳೆಗೆಂಪು ಬಣ್ಣದ ಈ ದುಂಬಿಗೆ ಬೀಜದಳವೆಂದರೆ ಪ್ರಾಣ. ಬಲಿತ ಬಳ್ಳಿಯ ಎಲೆಗೆ ನಾಲ್ಕು ತೂತು ಬಿದ್ದರೆ ನಷ್ಟವಿಲ್ಲ. ಆದರೆ ಎಳೆ ಸಸಿಗೆ ನಿಜ ಎಲೆ ಬರುವವರೆಗೆ ಬೀಜದಳವೇ ಬುತ್ತಿ. ಅದನ್ನು ತಿಂದರೆ ಸಸಿಯೇ ಹೋಗುತ್ತದೆ. ಬೆಳಗಿನ ತಂಪಿನಲ್ಲಿ ದುಂಬಿ ಮಂದವಾಗಿರುವುದರಿಂದ ಆಗ ಕೈಯಲ್ಲೇ ಹಿಡಿಯಬಹುದು. ಇಬ್ಬನಿ ಆರುವ ಮುಂಚೆ ಎಲೆಯ ಮೇಲೆ ತೆಳ್ಳಗೆ ಬೂದಿ ಉದುರಿಸುವುದು ಹಳೆಯ ಉಪಾಯ. ಗ್ಯಾಸ್ ಒಲೆಯ ಮನೆಗಳ ಮಕ್ಕಳು ಬೂದಿ ತರುವುದೆಲ್ಲಿಂದ? ಇಬ್ಬರ ಮನೆಯಲ್ಲಿ ಇನ್ನೂ ಬಚ್ಚಲೊಲೆ ಉರಿಯುತ್ತಿತ್ತು, ಅಷ್ಟು ಸಾಕಾಯಿತು. ಆದರೆ ಸೋನೆ ಬಂದಾಗಲೆಲ್ಲ ಬೂದಿ ತೊಳೆದುಹೋಗುತ್ತಿತ್ತು. ಆಗ ನಾನು ಎರಡು ಹಳೆಯ ಸೊಳ್ಳೆಪರದೆ ಹೊಲಿಸಿ, ಬಿದಿರಿನ ಕಡ್ಡಿಗಳ ಮೇಲೆ ಹೊದಿಸಿದೆ. ಈ ಪರದೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಬಳ್ಳಿಗೆ ದಾರಿ ತೋರಿಸುವ ಕೆಲಸದಲ್ಲಿ ಮಕ್ಕಳು ನನಗಿಂತ ಚುರುಕು. ಎಳೆ ಕುಂಬಳ ಮೊದಲು ನೆಟ್ಟಗೆ ನಿಂತು, ಆಮೇಲೆ ಒಂದು ಕಡೆಗೆ ಒರಗುತ್ತದೆ. ಅಪಾಯದ ಹೊತ್ತೆಂದರೆ ಅದು. ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಬಳ್ಳಿ ಅದಕ್ಕೆ ಎದುರಾಗಿ ಮಲಗಿದರೆ ಮಗುಚಿ, ಬುಡದಲ್ಲೇ ಮುರಿಯುತ್ತದೆ. ಆದ್ದರಿಂದ ಪೂರ್ವಕ್ಕೆ ಮುಖಮಾಡಿ ಮಲಗಿಸಿ, ಬುಡಕ್ಕೆ ಮಣ್ಣು ಏರಿಸಿ, ಎರಡು ಕಡ್ಡಿಗಳನ್ನು ಕತ್ತರಿಯಂತೆ ಊರಿ ಹಿಡಿಸಿದೆವು. ಬಗ್ಗಿಸುವುದಿದ್ದರೆ ಮಧ್ಯಾಹ್ನದ ಮೇಲೆ ಬಗ್ಗಿಸಬೇಕು. ಬೆಳಿಗ್ಗೆ ನೀರು ತುಂಬಿಕೊಂಡ ಕಾಂಡ ಪಟ್ಟನೆ ಮುರಿಯುತ್ತದೆ, ಬಿಸಿಲಿಗೆ ಸ್ವಲ್ಪ ಬಾಡಿದಾಗ ಬಾಗುತ್ತದೆ. ಎಲೆ ಹೊರಡುವ ಪ್ರತಿ ಗೆಣ್ಣಿನ ಮೇಲೂ ಹಿಡಿ ಮಣ್ಣು ಹಾಕಿದರೆ ಅಲ್ಲೂ ಬೇರು ಬಿಡುತ್ತದೆ. ಗಾಳಿಗೆ ಹಿಡಿತವೂ ಆಯಿತು, ಕಾಯಿಗೆ ಇನ್ನೊಂದು ಬಾಯಿಂದ ಊಟವೂ ಆಯಿತು.

ಒಂದು ನಡುಬಳ್ಳಿ, ಅದರ ಎರಡೂ ಬದಿಗೆ ಮೀನಿನ ಮುಳ್ಳಿನಂತೆ ನಾಲ್ಕು ಕವಲು. ಕವಲಿನ ಕವಲುಗಳನ್ನು ಚಿವುಟುವುದು. ದೊಡ್ಡ ಕಾಯಿ ಬೇಕೆನ್ನುವವರ ಕ್ರಮ ಇಷ್ಟೇ. ಚಿವುಟಲು ಮಕ್ಕಳು ಒಪ್ಪಲಿಲ್ಲ, ‘ಅದಕ್ಕೆ ನೋಯಲ್ವಾ?’ ಬಿಸಿಯೂಟದ ಅಕ್ಕ ಆ ಕುಡಿಗಳನ್ನೆಲ್ಲ ಒಯ್ದು ಹುಳಿಗೆ ಹಾಕಿದ ಮೇಲೆ ಚಿವುಟುವವರ ಸಾಲು ನಿಂತಿತು.

ಈ ನಡುವೆ ಎಲೆಯ ಮೇಲೆ ಬೆಳ್ಳಿ ಮಚ್ಚೆ ಕಂಡು ಬೂದಿರೋಗವೆಂದು ನಾನೇ ಗಾಬರಿಯಾಗಿದ್ದೆ. ನಮ್ಮ ನಾಟಿ ಕುಂಬಳದ ಎಲೆಗೆ ನರಗಳ ಸಂದಿಯಲ್ಲಿ ಬಿಳಿ ಮಚ್ಚೆ ಸಹಜ. ಬೆರಳಿನಿಂದ ಒರೆಸಿದರೆ ಪುಡಿ ಬರುವುದು ರೋಗ, ಬರದಿದ್ದರೆ ಎಲೆಯ ಬಣ್ಣ. ಇದನ್ನು ಒರೆಸಿ ನೋಡಿ ಹೇಳಿದ್ದು ಮಕ್ಕಳು.

ಈಗ ಪರದೆಯ ವಿಷಯ. ನಾಲ್ಕೈದು ನಿಜ ಎಲೆ ಬಂದ ಮೇಲೆ ಅದರ ಅಗತ್ಯವಿರಲಿಲ್ಲ. ಆದರೂ ಆಡು ನುಗ್ಗೀತು, ಚೆಂಡು ಬಿದ್ದೀತು ಎಂದು ಬಿಟ್ಟೆ. ಇನ್ನೊಂದು ಕಾರಣವನ್ನೂ ಒಪ್ಪಿಕೊಳ್ಳಬೇಕು: ದಾಖಲೆ ಪುಸ್ತಕಕ್ಕೆ ತೆಗೆದ ಫೋಟೊದಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು. ಆಗಸ್ಟ್ ಮಧ್ಯದಲ್ಲಿ ಗಂಡು ಹೂ ಬಂದವು, ಹತ್ತು ದಿನದ ಮೇಲೆ ಹೆಣ್ಣು ಹೂ. ಎಷ್ಟಿವೆ ಎಂದು ಎಣಿಸಿ ಬರೆಯಲು ಒಬ್ಬ ಹುಡುಗಿಗೆ ಹೇಳಿದೆ. ಐದು ಎಂದು ಬರೆದಳು. ವಾರದೊಳಗೆ ಐದೂ ಹೀಚು ಹಳದಿಯಾಗಿ, ಮೆತ್ತಗಾಗಿ ಉದುರಿದವು.

‘ಅವಳು ಬೆರಳು ತೋರಿಸಿದ್ಳು ಮಿಸ್. ಒಂದು, ಎರಡು ಅಂತ ತೋರಿಸಿ ತೋರಿಸಿ ಎಣಿಸಿದ್ಳು.’

ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂಬ ಮಾತು ನಮ್ಮ ಮನೆಯಲ್ಲೂ ಇದೆ. ನನ್ನ ಅಜ್ಜಿ ಬೆರಳು ಮಡಿಸಿ ತೋರಿಸುತ್ತಿದ್ದರು. ಎರಡು ದಿನ ಆ ಹುಡುಗಿಯನ್ನು ಯಾರೂ ಪಾತಿಯ ಹತ್ತಿರ ಬಿಡಲಿಲ್ಲ. ಮೂರನೇ ದಿನ ಅವಳು ಶಾಲೆಗೇ ಬರಲಿಲ್ಲ. ಎಣಿಸಲು ಹೇಳಿದ್ದು ನಾನು. ಪರದೆ ಹೊದಿಸಿದ್ದೂ ನಾನು. ಕುಂಬಳದ ಪರಾಗ ಅಂಟು ಅಂಟು, ಭಾರ; ಗಾಳಿಗೆ ಹಾರುವುದಿಲ್ಲ, ಜೇನುನೊಣವೇ ಹೊರಬೇಕು. ದುಂಬಿ ಬರದಿರಲೆಂದು ಕಟ್ಟಿದ ಪರದೆ ಜೇನನ್ನೂ ತಡೆದಿತ್ತು. ಇಷ್ಟನ್ನು ತರಗತಿಗೆ ವಿವರಿಸಿದೆ. ತಲೆಯಾಡಿಸಿದರು, ನಂಬಲಿಲ್ಲ.

ಆದ್ದರಿಂದ ಪಾಠಯೋಜನೆ ಬದಲಾಯಿತು. ಪರದೆ ತೆಗೆದು, ಅದರ ತುಂಡುಗಳಿಂದ ಚಿಕ್ಕ ಚೀಲ ಹೊಲಿದೆವು. ಮರುದಿನ ಅರಳುವ ಮೊಗ್ಗಿನ ತುದಿಯಲ್ಲಿ ಹಿಂದಿನ ಸಂಜೆಯೇ ಹಳದಿ ಇಣುಕುತ್ತದೆ. ಅಂಥ ಆರು ಹೆಣ್ಣು ಮೊಗ್ಗುಗಳಿಗೆ, ಸಿಕ್ಕ ಸಿಕ್ಕ ದಿನ, ಚೀಲ ಕಟ್ಟಿದೆವು. ತೊಡಕಾದದ್ದು ಗಂಟೆ. ಹೂ ಅರಳುವುದು ಬೆಳಕು ಹರಿಯುವಾಗ, ಹತ್ತರ ಹೊತ್ತಿಗೆ ಮುದುಡಿಕೊಳ್ಳುತ್ತದೆ. ವಿಜ್ಞಾನದ ಅವಧಿ ಹನ್ನೊಂದೂವರೆಗೆ. ಹತ್ತಿರದ ಮನೆಯ ಮಕ್ಕಳನ್ನು ಏಳಕ್ಕೆ ಬರಹೇಳಿದೆ. ಗಂಡು ಹೂವಿನ ದಳ ಕಿತ್ತು, ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಸವರಿ, ಮತ್ತೆ ಚೀಲ ಕಟ್ಟುವುದು: ಮೂರಕ್ಕೆ ಹೀಗೆ. ಉಳಿದ ಮೂರಕ್ಕೆ ಪರಾಗವಿಲ್ಲ. ಪರಾಗ ಸವರಿದ ಮೂರಕ್ಕೆ ದಿನಾ ಬೆರಳು ತೋರಿಸಬೇಕು, ಸವರದ ಮೂರಕ್ಕೆ ಯಾರೂ ತೋರಿಸಕೂಡದು. ತೋರಿಸುವವರು ಯಾರು ಎಂದಾಗ ತರಗತಿ ಸುಮ್ಮನಾಯಿತು. ಆ ಹುಡುಗಿಯೇ ಎದ್ದಳು. ‘ಹೇಗೂ ನನ್ನ ಮೇಲೆ ಬಂದಿದೆಯಲ್ಲ, ನಾನೇ ತೋರಿಸ್ತೀನಿ.’

ಪರಾಗ ಸವರದ ಮೂರೂ ವಾರದೊಳಗೆ ಉದುರಿದವು. ಸವರಿ, ಬೆರಳೂ ತೋರಿಸಿದ ಮೂರರಲ್ಲಿ ಎರಡು ನಿಂತವು, ಒಂದು ಉದುರಿತು. ಆ ಒಂದನ್ನು ಹಿಡಿದು ದೊಡ್ಡ ವಾದವಾಯಿತು. ಅಂದು ಬೆಳಿಗ್ಗೆ ಮಳೆ ಬಂದು ಪರಾಗ ಒದ್ದೆಯಾಗಿತ್ತು ಎಂದು ಹುಡುಗಿ ತನ್ನ ಪುಸ್ತಕ ತೆರೆದು ತೋರಿಸಿದಳು. ದಿನಾಂಕದ ಎದುರು ‘ಮಳೆ’ ಎಂದಿತ್ತು. ಮಾರ್ಗದರ್ಶಕ ಶಿಕ್ಷಕಿ ಷರಾ ಕಾಲಂನಲ್ಲಿ ಬರೆದರು: ‘ಎರಡು ಅಂಶ ಒಟ್ಟಿಗೆ ಬದಲಿಸಿದ್ದೀರಿ. ಪರಾಗ ಸವರಿ ಬೆರಳು ತೋರಿಸದ ಗುಂಪೊಂದು ಇರಬೇಕಿತ್ತು.’ ಸರಿಯಾದ ಮಾತು. ಅಷ್ಟು ಮೊಗ್ಗು ನಮ್ಮಲ್ಲಿರಲಿಲ್ಲ. ಮುಂದಿನ ತಂಡದವರು ನಾಲ್ಕು ಗುಂಡಿ ತೋಡಿ, ಮತ್ತು ಹೂ ಬರುವ ಮುಂಚೆ ಪರದೆ ತೆಗೆಯಿರಿ.

ನಿಂತ ಎರಡೂ ಒಂದೇ ಬಳ್ಳಿಯಲ್ಲಿದ್ದವು. ಒಂದನ್ನು ಎಳೆಯದಾಗಿಯೇ ಕಿತ್ತು ಬಿಸಿಯೂಟಕ್ಕೆ ಕೊಟ್ಟೆವು. ಉಳಿದದ್ದಕ್ಕೆ ಹಣ್ಣುನೊಣ ಚುಚ್ಚದಂತೆ ಹಳೆಯ ಪಂಚೆಯ ತುಂಡು ಸುತ್ತಿ, ಕೆಳಗೆ ಹುಲ್ಲು ಹಾಸಿದೆವು. ದಸರಾ ರಜೆಯಲ್ಲಿ ನೀರು ಹಾಕುವ ಪಾಳಿಯನ್ನು ಅವರವರೇ ಹಂಚಿಕೊಂಡರು. ಇಂಟರ್ನ್‌ಷಿಪ್ ಮುಗಿದ ಮೇಲೆ, ಅಕ್ಟೋಬರ್ ಕೊನೆಯ ಒಂದು ಶನಿವಾರ ಹೋದೆ. ತೊಟ್ಟು ಒಣಗಿ ಗಟ್ಟಿಯಾಗಿತ್ತು, ಸಿಪ್ಪೆಗೆ ಉಗುರು ಇಳಿಯುತ್ತಿರಲಿಲ್ಲ. ಎದುರಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿ 11 ಕೆ.ಜಿ. 400 ಗ್ರಾಂ.

ವಿಡಿಯೊ ಬಗ್ಗೆ ಮೊದಲು ಹೇಳಿದ ಹುಡುಗ ಅಂಗಡಿಯವರಿಗೆ ‘ಇದೇ ನಮ್ಮ ಕುಂಬಳ’ ಎಂದು ತೋರಿಸಿದ, ಬೆರಳು ಮಡಿಸಿಕೊಂಡು. ನಾನು ತಿದ್ದಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ನಕ್ಕು, ತೂಕವನ್ನು ಪುಸ್ತಕದಲ್ಲಿ ಬರೆದುಕೊಂಡಳು.